ಸೋತ ಹೃದಯಕ್ಕೆ ವಿದ್ಯುತ್ತಿನ ಊರುಗೋಲು

ಪರದೆಯ ಮೇಲೆ ಹೃದಯದ ಮಾತು ಬಂದಾಗಲೆಲ್ಲ ನಾವು ಕಾಣುವುದು ಏರಿಳಿಯುವ ಒಂದು ಹಸಿರು ಗೆರೆ. ಗೆರೆ ಏಳುತ್ತಿದ್ದರೆ ರೋಗಿ ಬದುಕಿದ್ದಾನೆ, ನೇರವಾದರೆ ಮುಗಿಯಿತು ಎಂಬುದು ಚಲನಚಿತ್ರಗಳು ನಮಗೆ ಕಲಿಸಿದ ಪಾಠ. ಆದರೆ ಆ ಗೆರೆ ಹೇಳುವುದು ಹೃದಯದ ವಿದ್ಯುತ್ತಿನ ಕಥೆಯನ್ನು ಮಾತ್ರ. ಆ ವಿದ್ಯುತ್ತಿನ ಅಪ್ಪಣೆಯಂತೆ ಸ್ನಾಯು ಎಷ್ಟು ಚೆನ್ನಾಗಿ ಹಿಂಡಿತು, ಎಷ್ಟು ರಕ್ತವನ್ನು ಮುಂದಕ್ಕೆ ತಳ್ಳಿತು ಎಂಬುದು ಬೇರೆಯೇ ಕಥೆ. ಈ ಎರಡು ಕಥೆಗಳು ಒಂದೇ ಅಲ್ಲ ಎಂದು ವೈದ್ಯಲೋಕ ಪೂರ್ತಿಯಾಗಿ ಒಪ್ಪಿಕೊಳ್ಳಲು ಮುಕ್ಕಾಲು ಶತಮಾನ ಬೇಕಾಯಿತು. ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರದ ಇತಿಹಾಸವನ್ನು ಈ ದೃಷ್ಟಿಯಿಂದ ಒಮ್ಮೆ ನೋಡೋಣ.

ಹೃದಯದೊಳಗಿನ ರಾಜಮಾರ್ಗ

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಎಡ ಹೃತ್ಕುಕ್ಷಿಯೇ ಇಡೀ ದೇಹಕ್ಕೆ ರಕ್ತ ತಳ್ಳುವ ಮುಖ್ಯ ಪಂಪು. ಮಿಡಿತದ ಆಜ್ಞೆ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಸಣ್ಣ ಗಂಟಿನಲ್ಲಿ. ಅಲ್ಲಿಂದ ಹೊರಟ ಆಜ್ಞೆ ಹೃತ್ಕರ್ಣಗಳನ್ನು ದಾಟಿ, ನಡುವಿನ ಇನ್ನೊಂದು ಗಂಟಿನಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ನಿಲ್ಲುತ್ತದೆ. ಮೇಲಿನ ಕೋಣೆಗಳು ತಮ್ಮ ರಕ್ತವನ್ನು ಕೆಳಕ್ಕೆ ಸುರಿಯಲು ಸಿಗುವ ಬಿಡುವು ಅದು. ಆಮೇಲೆ ಆಜ್ಞೆ ವಿಶೇಷ ತಂತುಗಳ ಒಂದು ಕಟ್ಟಿನ ಮೂಲಕ ಇಳಿದು, ಎಡ ಮತ್ತು ಬಲ ಶಾಖೆಗಳಾಗಿ ಒಡೆದು, ಕವಲು ಕವಲಾಗಿ ಹೃತ್ಕುಕ್ಷಿಗಳ ಒಳಮೈಯನ್ನೆಲ್ಲ ಮುಟ್ಟುತ್ತದೆ.

ಈ ದಾರಿಯನ್ನು ಕಂಡುಹಿಡಿದವರು ಒಬ್ಬರಲ್ಲ. ಚೆಕ್ ವಿಜ್ಞಾನಿ ಪುರ್ಕಿಂಜೆ 1839ರಲ್ಲಿ ಕುರಿಯ ಹೃದಯದ ಒಳಪೊರೆಯ ಅಡಿಯಲ್ಲಿ ಬೂದುಬಣ್ಣದ ತಂತುಗಳ ಜಾಲವನ್ನು ಕಂಡರು. ಅದರ ಕೆಲಸವೇನೆಂದು ಆಗ ತಿಳಿಯಲಿಲ್ಲ. 1893ರಲ್ಲಿ ವಿಲ್‌ಹೆಲ್ಮ್ ಹಿಸ್ ಮೇಲಿನ ಮತ್ತು ಕೆಳಗಿನ ಕೋಣೆಗಳನ್ನು ಜೋಡಿಸುವ ಕಟ್ಟನ್ನು ವಿವರಿಸಿದರು. ಇವೆಲ್ಲ ಒಂದೇ ಮರದ ಬೇರು, ಕಾಂಡ, ಕೊಂಬೆಗಳು ಎಂದು ತೋರಿಸಿಕೊಟ್ಟವರು ಜರ್ಮನಿಯ ಮಾರ್ಬರ್ಗಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ತರುಣ ವೈದ್ಯ ಸುನಾವೊ ತವಾರ. ಅವರ ಗ್ರಂಥ 1906ರಲ್ಲಿ ಹೊರಬಂತು. ಆಜ್ಞೆ ಹುಟ್ಟುವ ಗಂಟನ್ನು ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ ಮರುವರ್ಷ ಗುರುತಿಸಿದರು. ಅಷ್ಟರಲ್ಲಿ ಹಾಲೆಂಡಿನ ಐಂಥೋವನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಉಪಕರಣವನ್ನು ಸಿದ್ಧಪಡಿಸಿದ್ದರು. ಇಂದು ನಾವು ಇ.ಸಿ.ಜಿ. ಎನ್ನುವುದು ಅದನ್ನೇ. ಅದಕ್ಕಾಗಿ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಈ ತಂತುಗಳ ದಾರಿ ಏಕೆ ಮುಖ್ಯ? ವೇಗದ ಕಾರಣಕ್ಕೆ. ಪುರ್ಕಿಂಜೆ ತಂತುಗಳಲ್ಲಿ ಆಜ್ಞೆ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್ ಓಡುತ್ತದೆ. ಸಾಮಾನ್ಯ ಹೃದಯ ಸ್ನಾಯುವಿನಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತ ಹೋಗುವಾಗ ಅದು ಸೆಕೆಂಡಿಗೆ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಮೊದಲನೆಯದು ಹೆದ್ದಾರಿ, ಎರಡನೆಯದು ಗದ್ದೆಯ ಬದು. ಹೆದ್ದಾರಿಯಿಂದಾಗಿಯೇ ಎಡ ಹೃತ್ಕುಕ್ಷಿಯ ಎಲ್ಲ ಗೋಡೆಗಳಿಗೂ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಆಜ್ಞೆ ತಲುಪಿ, ಅವು ಹೆಚ್ಚುಕಡಿಮೆ ಒಟ್ಟಿಗೇ ಹಿಂಡುತ್ತವೆ.

ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ನೂರು ಜನ ಒಂದೇ ಕೂಗಿಗೆ ಹಗ್ಗ ಜಗ್ಗಿದರೆ ತೇರು ಕದಲುತ್ತದೆ. ಅದೇ ನೂರು ಜನ, ಅದೇ ಬಲ, ಆದರೆ ಬಲಗಡೆಯವರು ಮೊದಲು ಜಗ್ಗಿ ಕೈಬಿಟ್ಟ ಮೇಲೆ ಎಡಗಡೆಯವರು ಜಗ್ಗತೊಡಗಿದರೆ ಹಗ್ಗ ಅಲುಗಾಡುತ್ತದೆಯೇ ಹೊರತು ತೇರು ಮುಂದೆ ಸಾಗುವುದಿಲ್ಲ. ಹೃದಯದ ಮಾತೂ ಹೀಗೆಯೇ.

ನಾಡಿಯನ್ನು ಉಳಿಸಿದ ವರ್ಷಗಳು

ಪೇಸ್‌ಮೇಕರ್ ಹುಟ್ಟಿದ್ದು ಈ ಹೊಂದಾಣಿಕೆಯನ್ನು ಸರಿಪಡಿಸಲು ಅಲ್ಲ. ಅದರ ಮುಂದಿದ್ದ ಪ್ರಶ್ನೆ ಇನ್ನೂ ಸರಳವಾಗಿತ್ತು, ಇನ್ನೂ ತುರ್ತಿನದಾಗಿತ್ತು. ಮೇಲಿನಿಂದ ಕೆಳಕ್ಕೆ ಆಜ್ಞೆ ಇಳಿಯುವುದೇ ನಿಂತರೆ ನಾಡಿ ನಿಮಿಷಕ್ಕೆ ಮೂವತ್ತಕ್ಕೋ ಇಪ್ಪತ್ತಕ್ಕೋ ಇಳಿಯುತ್ತದೆ. ರೋಗಿ ನಿಂತಲ್ಲೇ ಕುಸಿಯುತ್ತಾನೆ. ಡಬ್ಲಿನ್ನಿನ ವೈದ್ಯರಾದ ರಾಬರ್ಟ್ ಆ್ಯಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ವರ್ಣಿಸಿದ ಈ ಕಾಯಿಲೆಗೆ ನೂರು ವರ್ಷ ನಿಜವಾದ ಮದ್ದಿರಲಿಲ್ಲ.

1932ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ ಕೈಯಿಂದ ತಿರುಗಿಸುವ ಒಂದು ವಿದ್ಯುತ್ ಯಂತ್ರವನ್ನು ವರ್ಣಿಸಿ ಅದನ್ನು ಕೃತಕ ಪೇಸ್‌ಮೇಕರ್ ಎಂದು ಕರೆದರು. 1952ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಎದೆಯ ಮೇಲಿನಿಂದಲೇ ವಿದ್ಯುತ್ ಆಘಾತ ಕೊಟ್ಟು ನಿಂತ ಹೃದಯವನ್ನು ಮಿಡಿಸಿದರು. ಜೀವ ಉಳಿಯಿತು, ಆದರೆ ಪ್ರತಿ ಮಿಡಿತಕ್ಕೂ ಎದೆಯ ಚರ್ಮ, ಸ್ನಾಯುಗಳಲ್ಲಿ ನೋವು.

1957ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸಿನಲ್ಲಿ ಶಸ್ತ್ರವೈದ್ಯ ವಾಲ್ಟನ್ ಲಿಲ್ಲಿಹೈ ಹೃದಯದ ಸ್ನಾಯುವಿಗೇ ಸಣ್ಣ ತಂತಿಯನ್ನು ಹೊಲಿದು ಅದರ ಮೂಲಕ ವಿದ್ಯುತ್ ಕಳಿಸಿದರು. ಅವರ ರೋಗಿಗಳು ಹೆಚ್ಚಾಗಿ ಹುಟ್ಟಿನಿಂದಲೇ ಹೃದಯದೋಷವಿದ್ದು ಶಸ್ತ್ರಕ್ರಿಯೆ ಮಾಡಿಸಿಕೊಂಡ ಮಕ್ಕಳು. ಯಂತ್ರ ಗೋಡೆಯ ವಿದ್ಯುತ್ತಿಗೆ ಜೋಡಿಸಿದ್ದು. ಅದೇ ವರ್ಷ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ಕೈಕೊಟ್ಟಾಗ ಆ ಏರ್ಪಾಡಿನ ಅಪಾಯ ಎಲ್ಲರ ಕಣ್ಣಿಗೆ ಬಿತ್ತು. ಲಿಲ್ಲಿಹೈ ಅವರು ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕನ್ ಅವರನ್ನು ಕೇಳಿದರು. ಬ್ಯಾಕನ್ ಸಂಗೀತಗಾರರು ತಾಳಕ್ಕೆ ಬಳಸುವ ಮೆಟ್ರೋನೋಮ್ ಯಂತ್ರದ ವಿದ್ಯುತ್ ನಕ್ಷೆಯೊಂದನ್ನು ಹವ್ಯಾಸಿಗಳ ಪತ್ರಿಕೆಯಲ್ಲಿ ಹಿಂದೆ ನೋಡಿದ್ದರು. ಅದರ ಆಧಾರದ ಮೇಲೆ ಕೆಲವೇ ವಾರಗಳಲ್ಲಿ ಬ್ಯಾಟರಿಯ, ಅಂಗೈಯಗಲದ ಯಂತ್ರವನ್ನು ಮಾಡಿಕೊಟ್ಟರು.

ಮರುವರ್ಷ, 1958ರ ಅಕ್ಟೋಬರ್ 8ರಂದು, ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಯಂತ್ರವನ್ನು ದೇಹದ ಒಳಗೇ ಇಟ್ಟು ಹೊಲಿದರು. ರೋಗಿ 43 ವರ್ಷದ ಆರ್ನೆ ಲಾರ್ಸನ್. ಗಂಡನನ್ನು ಉಳಿಸಿಕೊಡಿ ಎಂದು ಪಟ್ಟು ಹಿಡಿದವರು ಅವರ ಪತ್ನಿ ಎಲ್ಸೆ ಮರೀ. ಆ ಮೊದಲ ಯಂತ್ರ ಕೆಲವು ಗಂಟೆಗಳಷ್ಟೇ ಕೆಲಸ ಮಾಡಿತು. ಆದರೆ ಲಾರ್ಸನ್ ತಮ್ಮ ಜೀವಮಾನದಲ್ಲಿ ಒಟ್ಟು 26 ಯಂತ್ರಗಳನ್ನು ಬಳಸಿ, 86ನೆಯ ವಯಸ್ಸಿನಲ್ಲಿ, 2001ರಲ್ಲಿ ತೀರಿಕೊಂಡರು. ತನ್ನನ್ನು ಉಳಿಸಿದ ಶಸ್ತ್ರವೈದ್ಯ ಮತ್ತು ಎಂಜಿನಿಯರ್ ಇಬ್ಬರಿಗಿಂತಲೂ ಹೆಚ್ಚು ಕಾಲ ಅವರು ಬದುಕಿದ್ದರು.

ಅದೇ 1958ರಲ್ಲಿ ನ್ಯೂಯಾರ್ಕಿನ ಸೆಮೂರ್ ಫರ್ಮನ್ ಎದೆ ತೆರೆಯದೆ ಅಭಿಧಮನಿಯ ಮೂಲಕವೇ ತಂತಿಯನ್ನು ಹೃದಯಕ್ಕೆ ಇಳಿಸುವ ಉಪಾಯವನ್ನು ತೋರಿಸಿದರು. ಅಭಿಧಮನಿ ಸೇರುವುದು ಹೃದಯದ ಬಲಭಾಗವನ್ನು. ಆದ್ದರಿಂದ ತಂತಿಯ ತುದಿ ಸಹಜವಾಗಿ ಬಲ ಹೃತ್ಕುಕ್ಷಿಯ ತಳಕ್ಕೆ ಹೋಗಿ ನಿಂತಿತು. ಅಲ್ಲಿ ಅದು ಅಲುಗದೆ ಕೂರುತ್ತದೆ, ಹಾಕುವುದೂ ಸುಲಭ. ಹೀಗೆ ಅನುಕೂಲಕ್ಕಾಗಿ ಆರಿಸಿದ ಜಾಗವೇ ಪದ್ಧತಿಯಾಯಿತು. ಮುಂದಿನ ನಾಲ್ಕು ದಶಕಗಳಲ್ಲಿ ಪ್ರಪಂಚದಾದ್ಯಂತ ಲಕ್ಷಗಟ್ಟಲೆ ಜನರಿಗೆ ತಂತಿ ಅಲ್ಲಿಯೇ ಕೂತಿತು. ನಾಡಿ ಎಪ್ಪತ್ತಕ್ಕೆ ಬಂತು, ರೋಗಿ ಎದ್ದು ಓಡಾಡಿದ. ಇದಕ್ಕಿಂತ ಇನ್ನೇನು ಬೇಕು ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1925ರ ಒಂದು ಎಚ್ಚರಿಕೆ

ಆದರೆ ಒಂದು ಎಚ್ಚರಿಕೆ ಪುಸ್ತಕದ ಕಪಾಟಿನಲ್ಲಿ ಮೊದಲೇ ಇತ್ತು. ಅಮೆರಿಕದ ಕ್ಲೀವ್‌ಲ್ಯಾಂಡಿನ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ವಿಗ್ಗರ್ಸ್ 1925ರಲ್ಲಿ ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದ್ದರು. ಪ್ರಾಣಿಗಳ ಹೃತ್ಕುಕ್ಷಿಯ ಮೇಲ್ಮೈಯನ್ನು ವಿದ್ಯುತ್ತಿನಿಂದ ಕೆಣಕಿ ಮಿಡಿಸಿದಾಗ ಏನಾಗುತ್ತದೆ ಎಂದು ಅವರು ಅಳೆದರು. ಹೃದಯ ಮಿಡಿಯಿತು, ನಿಜ. ಆದರೆ ಒಳಗಿನ ಒತ್ತಡ ನಿಧಾನವಾಗಿ ಏರಿತು, ಸಂಕೋಚನ ಎಳೆದುಕೊಂಡು ಹೋಯಿತು, ಅದರ ಬಲ ಕುಗ್ಗಿತು. ಕಾರಣ ಸ್ಪಷ್ಟ. ಆಜ್ಞೆ ಹೆದ್ದಾರಿಯಲ್ಲಿ ಹೊರಡದೆ ಬದುವಿನ ಮೇಲೆ ಹೊರಟಿತ್ತು.

ಬಲ ಹೃತ್ಕುಕ್ಷಿಯ ತಳದಲ್ಲಿ ಕೂತ ಪೇಸ್‌ಮೇಕರ್ ತಂತಿಯೂ ಮಾಡುವುದು ಅದನ್ನೇ. ಬಲಗಡೆಯ ಸ್ನಾಯು ಮತ್ತು ನಡುಗೋಡೆ ಮೊದಲು ಎಚ್ಚರಗೊಳ್ಳುತ್ತವೆ. ಎಡ ಹೃತ್ಕುಕ್ಷಿಯ ಹೊರಗೋಡೆಗೆ ಸುದ್ದಿ ಕೊನೆಯಲ್ಲಿ ತಲುಪುತ್ತದೆ. ಸಹಜ ಹೆದ್ದಾರಿಯ ಎಡ ಶಾಖೆ ಕೆಟ್ಟುಹೋದ ರೋಗಿಗಳಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಇ.ಸಿ.ಜಿ.ಯಲ್ಲಿ ಹೃತ್ಕುಕ್ಷಿಯ ಅಲೆ ಅಗಲವಾಗಿ, 120 ಮಿಲಿಸೆಕೆಂಡುಗಳನ್ನು, ಎಷ್ಟೋ ಸಲ 150ನ್ನೂ ಮೀರುತ್ತದೆ.

ಆಗ ಪಂಪಿನೊಳಗೆ ನಡೆಯುವುದೇನು? ನಡುಗೋಡೆ ಮೊದಲು ಹಿಂಡಿದಾಗ ಎದುರಿನ ಹೊರಗೋಡೆ ಇನ್ನೂ ಸಡಿಲವಾಗಿರುತ್ತದೆ. ರಕ್ತ ಮಹಾಪಧಮನಿಗೆ ಹೋಗುವ ಬದಲು ಆ ಸಡಿಲ ಗೋಡೆಯ ಕಡೆ ವಾಲುತ್ತದೆ, ಗೋಡೆ ಉಬ್ಬುತ್ತದೆ. ತಡವಾಗಿ ಎಚ್ಚತ್ತ ಹೊರಗೋಡೆ ಹಿಂಡುವ ಹೊತ್ತಿಗೆ ನಡುಗೋಡೆ ಸಡಿಲಗೊಳ್ಳತೊಡಗಿರುತ್ತದೆ; ರಕ್ತ ಈ ಕಡೆ ವಾಲುತ್ತದೆ. ಎರಡೂ ಗೋಡೆಗಳು ದುಡಿದಿವೆ, ಆದರೆ ದುಡಿಮೆಯ ಒಂದು ಪಾಲು ಪರಸ್ಪರರನ್ನು ಹಿಗ್ಗಿಸುವುದರಲ್ಲೇ ವ್ಯಯವಾಗಿದೆ. ಎಡ ಕವಾಟವನ್ನು ಹಿಡಿದಿರುವ ಪುಟ್ಟ ಸ್ನಾಯುಗಳೂ ಹೊತ್ತು ತಪ್ಪಿ ಹಿಂಡುವುದರಿಂದ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ.

ಆರೋಗ್ಯವಂತ ಹೃದಯ ಈ ನಷ್ಟವನ್ನು ಬಹುಕಾಲ ತಡೆದುಕೊಳ್ಳಬಹುದು. ಮೊದಲೇ ಸೋತ ಹೃದಯಕ್ಕೆ ಅದು ಬರಗಾಲದಲ್ಲಿ ಅಧಿಕ ಮಾಸ. ಹಾಲೆಂಡಿನ ಮಾಸ್ಟ್ರಿಕ್ಟ್ ನಗರದ ಫ್ರಿಟ್ಸ್ ಪ್ರಿಂಜನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಪ್ರಾಣಿಗಳಲ್ಲಿ ನಡೆಸಿದ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ತೋರಿಸಿದವು. ಬೇಗ ಎಚ್ಚರಗೊಳ್ಳುವ ಭಾಗಕ್ಕೆ ಕೆಲಸ ಕಡಿಮೆ, ತಡವಾಗಿ ಎಚ್ಚರಗೊಳ್ಳುವ ಭಾಗಕ್ಕೆ ಕೆಲಸ ಹೆಚ್ಚು. ಹೀಗೆ ತಿಂಗಳುಗಟ್ಟಲೆ ನಡೆದರೆ ಹೃದಯದ ಗೋಡೆಯೇ ಒಂದು ಕಡೆ ತೆಳುವಾಗಿ ಇನ್ನೊಂದು ಕಡೆ ದಪ್ಪವಾಗುತ್ತದೆ. ಎಂದರೆ, ವಿದ್ಯುತ್ತಿನ ದಾರಿ ತಪ್ಪಿದರೆ ಕಾಲಾನಂತರ ಹೃದಯದ ಆಕಾರವೇ ಬದಲಾಗುತ್ತದೆ.

ಎರಡು ಕಡೆಯಿಂದ ಒಂದೇ ಕೂಗು

ಹಾಗಾದರೆ ತಡವಾದ ಗೋಡೆಗೂ ಒಂದು ತಂತಿ ಹಾಕಿ, ಎರಡು ಕಡೆಗೂ ಒಂದೇ ಹೊತ್ತಿಗೆ ಆಜ್ಞೆ ಕೊಟ್ಟರೆ? 1994ರಲ್ಲಿ ಫ್ರಾನ್ಸಿನ ಸೆರ್ಜ್ ಕಜೋ ಮತ್ತು ಸಂಗಡಿಗರು 54 ವರ್ಷದ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ತೀವ್ರ ಹೃದಯ ವೈಫಲ್ಯ, ಮದ್ದುಗಳು ಕೈಚೆಲ್ಲಿದ್ದವು. ವೈದ್ಯರು ಹೃದಯದ ನಾಲ್ಕೂ ಕೋಣೆಗಳಿಗೆ ತಂತಿ ಜೋಡಿಸಿದರು. ಆರು ವಾರಗಳಲ್ಲಿ ಮೈಯಲ್ಲಿ ತುಂಬಿದ್ದ ನೀರು ಇಳಿದು ರೋಗಿಯ ತೂಕ 17 ಕಿಲೋ ಕಡಿಮೆಯಾಯಿತು, ಬಾವು ಮಾಯವಾಯಿತು.

ಎಡಭಾಗಕ್ಕೆ ತಂತಿ ಹಾಕಲು ಆಗ ಎದೆಯನ್ನು ಶಸ್ತ್ರದಿಂದ ತೆರೆಯಬೇಕಿತ್ತು. ಸೋತ ಹೃದಯದವರಿಗೆ ಅದೇ ಒಂದು ಗಂಡಾಂತರ. ಫ್ರಾನ್ಸಿನ ರೆನ್ ನಗರದ ದೋಬೇರ್ ಮತ್ತು ಸಂಗಡಿಗರು ಹೃದಯದ್ದೇ ಆದ ಅಭಿಧಮನಿಯ ಒಳಗಿನಿಂದ ತಂತಿಯನ್ನು ಎಡ ಹೊರಗೋಡೆಯ ಮೇಲೆ ತಲುಪಿಸುವ ದಾರಿಯನ್ನು 1998ರಲ್ಲಿ ವಿವರಿಸಿದರು. ಅಲ್ಲಿಂದ ಈ ಚಿಕಿತ್ಸೆ ಸಾಮಾನ್ಯ ಆಸ್ಪತ್ರೆಗಳ ಕೈಗೂ ಎಟುಕುವಂತಾಯಿತು.

ಸಂಶಯಪಡಲು ಕಾರಣವಿತ್ತು. ಸೋತ ಹೃದಯವನ್ನು ಬಲವಂತವಾಗಿ ದುಡಿಸಿದರೆ ಕೇಡು ಎಂಬ ಪಾಠವನ್ನು ವೈದ್ಯರು ಆಗಷ್ಟೇ ಕಲಿತಿದ್ದರು. ಸಂಕೋಚನವನ್ನು ಹೆಚ್ಚಿಸುವ ಮಿಲ್ರಿನೋನ್ ಎಂಬ ಮದ್ದನ್ನು ಬಾಯಿಯ ಮೂಲಕ ಕೊಟ್ಟಾಗ ಸಾವುಗಳು ಕಡಿಮೆಯಾಗುವ ಬದಲು ಹೆಚ್ಚಾದವೆಂದು 1991ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತ್ತು. ಬಡಕಲು ಎತ್ತಿಗೆ ಬಾರುಕೋಲಿನ ಏಟು ಕೊಟ್ಟಂತೆ ಅದು. ಪೇಸಿಂಗ್ ಕೂಡ ಇನ್ನೊಂದು ಬಾರುಕೋಲೇ?

ಅಲ್ಲ ಎಂಬ ಉತ್ತರ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಿಂದ ಬಂತು. ಡೇವಿಡ್ ಕಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡಭಾಗವನ್ನು ಪೇಸ್ ಮಾಡಿದಾಗ ಹೃದಯದ ಸಂಕೋಚನ ಉತ್ತಮಗೊಂಡಿತು, ಆದರೆ ಹೃದಯ ಬಳಸಿದ ಶಕ್ತಿ ಹೆಚ್ಚಾಗಲಿಲ್ಲ, ತುಸು ಇಳಿಯಿತು. ಅಷ್ಟೇ ಪ್ರಮಾಣದ ಸುಧಾರಣೆಯನ್ನು ಡೊಬ್ಯುಟಮಿನ್ ಎಂಬ ಮದ್ದಿನಿಂದ ತಂದಾಗ ಶಕ್ತಿಯ ಖರ್ಚು ಏರಿತು. ಇದರ ಅರ್ಥ ಸರಳ. ಪೇಸಿಂಗ್ ಎತ್ತಿಗೆ ಏಟು ಕೊಟ್ಟಿರಲಿಲ್ಲ, ನೊಗವನ್ನು ನೇರ ಮಾಡಿತ್ತು.

ಅನಂತರ ದೊಡ್ಡ ಪರೀಕ್ಷೆಗಳು ಸಾಲಾಗಿ ಬಂದವು. 2001ರ ಯೂರೋಪಿನ ಅಧ್ಯಯನದಲ್ಲಿ, ಎರಡೂ ಹೃತ್ಕುಕ್ಷಿಗಳ ಪೇಸಿಂಗ್ ನಡೆಯುತ್ತಿದ್ದಾಗ ರೋಗಿಗಳು ಆರು ನಿಮಿಷದಲ್ಲಿ ನಡೆದ ದೂರ ಸರಾಸರಿ 23 ಶೇಕಡಾ ಹೆಚ್ಚಿತ್ತು. 2002ರಲ್ಲಿ ಅಮೆರಿಕದಿಂದ 453 ರೋಗಿಗಳ ಫಲಿತಾಂಶ ಬಂತು. ಅದೂ ಇದೇ ದಿಕ್ಕಿನದು. ಕಟ್ಟಕಡೆಯ ಪ್ರಶ್ನೆಗೆ, ಎಂದರೆ ಆಯುಷ್ಯ ಹೆಚ್ಚುತ್ತದೆಯೇ ಎಂಬುದಕ್ಕೆ, 2005ರಲ್ಲಿ ಯೂರೋಪಿನ ಇನ್ನೊಂದು ಪರೀಕ್ಷೆ ಉತ್ತರ ಕೊಟ್ಟಿತು. ಅದರಲ್ಲಿದ್ದ ರೋಗಿಗಳು 813. ಸರಾಸರಿ 29 ತಿಂಗಳಲ್ಲಿ, ಮದ್ದು ಮಾತ್ರ ಪಡೆದವರಲ್ಲಿ ನೂರಕ್ಕೆ ಮೂವತ್ತು ಮಂದಿ ತೀರಿಕೊಂಡರೆ, ಮದ್ದಿನ ಜೊತೆ ಈ ಪೇಸಿಂಗ್ ಪಡೆದವರಲ್ಲಿ ಇಪ್ಪತ್ತು ಮಂದಿ.

ಹಿಗ್ಗಿದ್ದ ಹೃದಯಗಳು ತಿಂಗಳುಗಳು ಕಳೆದಂತೆ ಕುಗ್ಗಿ ಸಹಜ ಗಾತ್ರದ ಕಡೆ ಮರಳಿದ್ದನ್ನೂ ವೈದ್ಯರು ಕಂಡರು. ಹಾಂಗ್‌ಕಾಂಗಿನಲ್ಲಿ 25 ರೋಗಿಗಳಿಗೆ ಮೂರು ತಿಂಗಳು ಪೇಸಿಂಗ್ ಕೊಟ್ಟು, ಆಮೇಲೆ ನಾಲ್ಕು ವಾರ ನಿಲ್ಲಿಸಿ ನೋಡಿದರು. ನಿಲ್ಲಿಸಿದೊಡನೆ ಕೆಲವು ಗುಣಗಳು ಮಾಯವಾದವು. ಹೃದಯದ ಗಾತ್ರ ಮಾತ್ರ ವಾರಗಳ ಮೇಲೆ ಮೆಲ್ಲಮೆಲ್ಲನೆ ಮತ್ತೆ ಹಿಗ್ಗಿತು. ಹೊಂದಾಣಿಕೆ ಆ ಕ್ಷಣದ ಲಾಭವಷ್ಟೇ ಅಲ್ಲ, ಸ್ನಾಯುವಿನ ಆಕಾರವನ್ನೇ ತಿದ್ದುವ ಶಕ್ತಿ ಎಂಬುದು 2002ರ ಈ ವರದಿಯಿಂದ ಮನದಟ್ಟಾಯಿತು.

ಕಹಿಯಾದ ಲೆಕ್ಕ

ಅದೇ 2002ರಲ್ಲಿ ಇನ್ನೊಂದು ವರದಿ ಬಂತು. ಅದು ಸಂತೋಷದ್ದಲ್ಲ. ದುರ್ಬಲ ಹೃದಯವಿದ್ದ, ಆದರೆ ನಾಡಿಗಾಗಿ ಪೇಸಿಂಗ್ ಬೇಕಿಲ್ಲದ 506 ಅಮೆರಿಕನ್ ರೋಗಿಗಳಿಗೆ ಮಾರಕ ಲಯದೋಷವನ್ನು ತಡೆಯುವ ಯಂತ್ರವನ್ನು ಅಳವಡಿಸಲಾಗಿತ್ತು. ಅರ್ಧದಷ್ಟು ಮಂದಿಯಲ್ಲಿ ಆ ಯಂತ್ರ ನಿಮಿಷಕ್ಕೆ 70ರಂತೆ ಪೇಸ್ ಮಾಡುವಂತಿತ್ತು. ಉಳಿದವರಲ್ಲಿ ನಾಡಿ 40ಕ್ಕಿಂತ ಕೆಳಗಿಳಿದರೆ ಮಾತ್ರ. ಸದಾ ಬೆಂಬಲ ಕೊಡುವ ಯಂತ್ರವೇ ಒಳ್ಳೆಯದೆಂದು ನಿರೀಕ್ಷೆ. ಒಂದು ವರ್ಷದಲ್ಲಿ ಫಲಿತಾಂಶ ತಿರುಗುಮುರುಗು. ಸುಮ್ಮನಿದ್ದ ಯಂತ್ರದವರಲ್ಲಿ ನೂರಕ್ಕೆ ಸುಮಾರು 84 ಮಂದಿ ಸಾವನ್ನೂ ಹೃದಯ ವೈಫಲ್ಯದ ಆಸ್ಪತ್ರೆವಾಸವನ್ನೂ ತಪ್ಪಿಸಿಕೊಂಡಿದ್ದರೆ, ದುಡಿಯುವ ಯಂತ್ರದವರಲ್ಲಿ ಸುಮಾರು 73 ಮಂದಿ. ಬಲ ಹೃತ್ಕುಕ್ಷಿಯಿಂದ ಹೊರಟ ಅನಗತ್ಯ ಆಜ್ಞೆ ಹೃದಯವನ್ನು ಬಳಲಿಸಿತ್ತು. ವಿಗ್ಗರ್ಸ್ ಹೇಳಿ ಎಪ್ಪತ್ತೇಳು ವರ್ಷಗಳಾಗಿದ್ದವು.

ಇದನ್ನು ಓದಿ ಹಳೆಯ ವೈದ್ಯರನ್ನು ದೂರುವುದು ನ್ಯಾಯವಲ್ಲ. ನಾಡಿ ಇಪ್ಪತ್ತಕ್ಕೆ ಇಳಿದು ಕುಸಿಯುತ್ತಿದ್ದವನಿಗೆ ಬಲಗಡೆಯ ತಂತಿ ಜೀವದಾನವೇ ಆಗಿತ್ತು, ಈಗಲೂ ಹೌದು. ತಪ್ಪಾದದ್ದು ಅಳತೆಯಲ್ಲಿ. ನಾಡಿ ಎಷ್ಟು ಎಂದು ಎಣಿಸಿದೆವು, ಇ.ಸಿ.ಜಿ.ಯ ಗೆರೆ ನೋಡಿದೆವು, ಚಿಕಿತ್ಸೆ ಗೆದ್ದಿತು ಎಂದೆವು. ಪ್ರತಿ ಮಿಡಿತಕ್ಕೆ ಗೋಡೆಗಳು ಹೇಗೆ ಚಲಿಸಿದವು ಎಂದು ಕೇಳಲಿಲ್ಲ. ಎಣಿಸಲು ಸುಲಭವಾದದ್ದೇ ಮುಖ್ಯವಾದದ್ದು ಎಂದು ಭಾವಿಸುವ ಅಭ್ಯಾಸ ವೈದ್ಯಕ್ಕೆ ಮಾತ್ರ ಸೀಮಿತವಲ್ಲ.

ಉತ್ಸಾಹ ಇನ್ನೊಂದು ಕಡೆಗೂ ಹಾದಿ ತಪ್ಪಿಸಿತು. ಇ.ಸಿ.ಜಿ. ಅಲೆ ಅಗಲವಾಗಿಲ್ಲದಿದ್ದರೂ, ಪ್ರತಿಧ್ವನಿ ಚಿತ್ರದಲ್ಲಿ ಗೋಡೆಗಳು ಹೊಂದಾಣಿಕೆ ತಪ್ಪಿದಂತೆ ಕಂಡರೆ ಅಂಥವರಿಗೂ ಎರಡು ಕಡೆಯ ಪೇಸಿಂಗ್ ಕೊಡಬಹುದಲ್ಲ ಎಂದು ಹಲವರು ನಂಬಿದರು. 130 ಮಿಲಿಸೆಕೆಂಡಿಗಿಂತ ಕಡಿಮೆ ಅಲೆಯಿದ್ದ 809 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಪೇಸಿಂಗ್ ಪಡೆದವರಲ್ಲಿ 45 ಸಾವು, ಪಡೆಯದವರಲ್ಲಿ 26. ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹೆದ್ದಾರಿ ಸರಿಯಿರುವವನನ್ನು ಬದುವಿಗೆ ಇಳಿಸಿದರೆ ಆಗುವುದು ಇದೇ. ಸರಿಯಾದ ರೋಗಿಗಳನ್ನು ಆರಿಸಿದಾಗಲೂ ಸುಮಾರು ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದ ಗುಣ ಕಾಣುವುದಿಲ್ಲ.

ಮರಳಿ ಹಳೆಯ ದಾರಿಗೆ

ಎರಡು ಕಡೆಯಿಂದ ಪೇಸ್ ಮಾಡುವುದೂ ಸಹಜ ದಾರಿಯಲ್ಲ, ಎರಡು ಬದುಗಳು ಮಧ್ಯದಲ್ಲಿ ಸೇರುವಂತೆ ಮಾಡುವ ಉಪಾಯ. ಹೆದ್ದಾರಿಗೇ ಮರಳಿದರೆ? 2000ದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ದೇಶಮುಖ್ ಮತ್ತು ಸಂಗಡಿಗರು ಹಿಸ್ ವಿವರಿಸಿದ್ದ ಆ ಕಟ್ಟಿನಲ್ಲೇ ತಂತಿಯ ತುದಿಯನ್ನು ಶಾಶ್ವತವಾಗಿ ನೆಡುವ ಪ್ರಯತ್ನವನ್ನು ಪ್ರಕಟಿಸಿದರು. 18 ಮಂದಿಯಲ್ಲಿ ಪ್ರಯತ್ನಿಸಿ 12 ಮಂದಿಯಲ್ಲಿ ಸಫಲರಾದರು. ಕಟ್ಟು ಅತಿ ಸಣ್ಣದು, ಗುರಿ ಹಿಡಿಯುವುದು ಕಷ್ಟ, ವಿದ್ಯುತ್ತೂ ಹೆಚ್ಚು ಬೇಕು. 2017ರಲ್ಲಿ ಚೀನದ ವೆನ್‌ಜೌ ನಗರದ ಹುವಾಂಗ್ ವೈಜಿಯಾನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಂತಿಯನ್ನು ಬಲಗಡೆಯಿಂದ ನಡುಗೋಡೆಯೊಳಕ್ಕೆ ತಿರುಪಿನಂತೆ ಕೊರೆದು, ಕೆಟ್ಟ ಜಾಗವನ್ನು ದಾಟಿ, ಎಡ ಶಾಖೆಯನ್ನೇ ಮುಟ್ಟಿದರು. ಅಗಲವಾಗಿದ್ದ ಅಲೆ ಮತ್ತೆ ಕಿರಿದಾಯಿತು. 2022ರಲ್ಲಿ ಪ್ರಕಟವಾದ, 40 ರೋಗಿಗಳ ಒಂದು ಸಣ್ಣ ಪರೀಕ್ಷೆಯಲ್ಲಿ ಈ ಕ್ರಮದಿಂದ ಹೃದಯದ ಪಂಪಿನ ಶಕ್ತಿ ಎರಡು ಕಡೆಯ ಪೇಸಿಂಗಿಗಿಂತ ಹೆಚ್ಚು ಸುಧಾರಿಸಿತು. ಸಂಖ್ಯೆ ಚಿಕ್ಕದು, ಆಯುಷ್ಯದ ಪ್ರಶ್ನೆಗೆ ಉತ್ತರಿಸಲು ದೊಡ್ಡ ಪರೀಕ್ಷೆಗಳೇ ಬೇಕು. ಕಳೆದ ನೂರು ವರ್ಷಗಳ ಕಥೆ ಕಲಿಸುವ ತಾಳ್ಮೆಯೂ ಅದೇ.

ಪುರ್ಕಿಂಜೆ ಕುರಿಯ ಹೃದಯದಲ್ಲಿ ಕಂಡ ತಂತು, ತವಾರ ಬಿಡಿಸಿದ ಮರದ ಚಿತ್ರ, ವಿಗ್ಗರ್ಸ್ ಅಳೆದ ಒತ್ತಡ, ಇವೆಲ್ಲ ಒಂದು ಕಾಲಕ್ಕೆ ಪ್ರಯೋಗಶಾಲೆಯ ಕುತೂಹಲಗಳಾಗಿದ್ದವು. ಇಂದು ವೈದ್ಯರು ತಂತಿಯನ್ನು ಎಲ್ಲಿ ನೆಡಬೇಕೆಂದು ತೀರ್ಮಾನಿಸುವುದು ಅವುಗಳ ಆಧಾರದ ಮೇಲೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯ ವೈಫಲ್ಯವಿದ್ದು ಪೇಸ್‌ಮೇಕರಿನ ಮಾತು ಬಂದರೆ, ನಾಡಿ ಎಷ್ಟಕ್ಕೆ ಬರುತ್ತದೆ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಇ.ಸಿ.ಜಿ. ಅಲೆಯ ಅಗಲವೆಷ್ಟು, ಪಂಪಿನ ಶಕ್ತಿ ಎಷ್ಟಿದೆ, ತಂತಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತು ಯಂತ್ರ ದುಡಿಯಬೇಕಾಗುತ್ತದೆ ಎಂದೂ ವೈದ್ಯರನ್ನು ಕೇಳಿ. ಈಗಾಗಲೇ ಯಂತ್ರವಿರುವವರು ಇದನ್ನು ಓದಿ ಗಾಬರಿಪಡಬೇಕಾಗಿಲ್ಲ. ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡರೆ, ಹೃದಯ ಬಳಲುವ ಸೂಚನೆ ಕಂಡಾಗ ತಿದ್ದುವ ದಾರಿಗಳು ಇಂದು ಇವೆ. ಊರುಗೋಲು ಗಟ್ಟಿಯಾಗಿದ್ದರೆ ಸಾಲದು, ಅದನ್ನು ಊರುವ ಜಾಗವೂ ಸರಿಯಾಗಿರಬೇಕು.